ಷೋರೂಮಿನ ಎದುರಿನ ಶೆಡ್ಡು

ಫೆಬ್ರವರಿ 6, ಮಂಗಳವಾರ

ಈ ಡೈರಿ ಟೈರ್ ಕಂಪನಿಯವರು ಹೊಸ ವರ್ಷಕ್ಕೆ ಹಂಚಿದ್ದು. ಬರೆಯುವ ಅಭ್ಯಾಸ ನನಗಿಲ್ಲ. ಹೆಂಡತಿ ಇದನ್ನು ಹುಡುಕಿ ತಂದು ನನ್ನ ಮುಂದಿಟ್ಟು, "ಒಂದು ವಾರದಿಂದ ಅದೇ ಕಥೆ ಕೇಳಿ ಕೇಳಿ ಕಿವಿ ತೂತಾಯ್ತು ರೀ. ಇನ್ಮೇಲೆ ಇದಕ್ಕೆ ಹೇಳಿ" ಅಂದಳು. ಸರಿ, ಇದಕ್ಕೇ ಹೇಳುತ್ತೇನೆ. ಇದಾದರೂ ನಡುವೆ ಎದ್ದು ಹೋಗುವುದಿಲ್ಲ.

ಷೋರೂಮಿನ ಸರ್ವಿಸ್ ವಿಭಾಗದಲ್ಲಿ ಇಪ್ಪತ್ತು ವರ್ಷದ ಹತ್ತಿರ ದುಡಿದೆ. ಹೆಡ್ ಮೆಕ್ಯಾನಿಕ್ ಆಗಿದ್ದೆ. ಹೋದ ವಾರ ಒಂದು ಕಪ್ಪು ಕಾರಿನ ಆಯಿಲ್ ಇಳಿಸಿ, ಕೆಳಗಿನ ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಕೂರಿಸಿದ್ದೆ. ಸ್ಪಾನರ್ ಹಾಕಿ ಬಿಗಿ ಮಾಡುವುದೊಂದು ಬಾಕಿ. ಅಷ್ಟರಲ್ಲಿ ಮ್ಯಾನೇಜರ್ ಬಂದು ಇನ್ನೊಂದು ಗಾಡಿಗೆ ಕರೆದ. ಯಾವಾಗಲೂ ಟೈ ಕಟ್ಟಿಕೊಂಡೇ ಇರುವುದರಿಂದ ನಾವೆಲ್ಲ ಅವನನ್ನು ಟೈ ಅಂತಲೇ ಕರೆಯುತ್ತಿದ್ದೆವು. ನಾನು ತಿರುಗಿ ಬರುವಷ್ಟರಲ್ಲಿ ಬೇರೆಯವನ ಕೈಲಿ ಆಯಿಲ್ ತುಂಬಿಸಿ ಕಾರನ್ನು ಕಳಿಸಿಬಿಟ್ಟಿದ್ದ. ಬೋಲ್ಟ್ ಬಿಗಿಯಾಗಿಲ್ಲ, ಫೋನ್ ಮಾಡಿ ವಾಪಸ್ ಕರೆಸಿ ಅಂದೆ. "ಆಯ್ತು, ನೋಡ್ಕೊಳ್ತೀನಿ" ಅಂದ. ನೋಡಿಕೊಳ್ಳಲಿಲ್ಲ. ಹೆದ್ದಾರಿಯಲ್ಲಿ ಆಯಿಲ್ ಎಲ್ಲ ಸೋರಿ ಇಂಜಿನ್ ಹಿಡಿದುಕೊಂಡು ಕೆಟ್ಟು ನಿಂತಿತು.

ಮಾರನೇ ದಿನ ಕಾರಿನವರು ಬಂದು ಕೂಗಾಡಿದಾಗ ಟೈ ಗಿರಾಕಿಗಳೆಲ್ಲ ಕೂತಿದ್ದ ಹಾಲ್‌ಗೆ ನನ್ನನ್ನು ಕರೆಸಿ, ಬೆರಳು ತೋರಿಸಿ, "ಇವನೇ ಸರ್, ಇವನದೇ ಕೆಲಸ" ಅಂದ. ನಾನು ಬಾಯಿ ತೆರೆಯುವ ಮೊದಲೇ ನನ್ನನ್ನು ಕೆಲಸದಿಂದ ತೆಗೆದಾಗಿತ್ತು. ಗೇಟಿನಲ್ಲಿ ಕಾವಲುಗಾರ ಕಂಪನಿ ಅಂಗಿ ಬಿಚ್ಚಿಕೊಡಿ ಅಂದ. ಅವನೂ ಬೇಜಾರಿನಿಂದಲೇ ಕೇಳಿದ, ಮೇಲಿನಿಂದ ಹಾಗೆ ಹೇಳಿದ್ದಾರಂತೆ. ಆ ಚಳಿಯಲ್ಲಿ ಬನಿಯನ್ನಿನಲ್ಲಿ ಮನೆ ತನಕ ನಡೆದು ಬಂದೆ.

ಆ ಟೈಯನ್ನು ಅವನ ಗಾಜಿನ ಕೋಣೆಯಿಂದ ಇಳಿಸದೆ ನಾನು ಬಿಡುವವನಲ್ಲ. ಇದನ್ನು ಬರೆದಿಟ್ಟರೆ ಸಾಕು, ಇವತ್ತಿಗೆ.

ಫೆಬ್ರವರಿ 20, ಮಂಗಳವಾರ

ಜಾಗ ಸಿಕ್ಕಿತು. ಷೋರೂಮಿನ ಎದುರಿಗೆ, ರಸ್ತೆಯ ಈಚೆ, ಮೊದಲು ಐಸ್ ಫ್ಯಾಕ್ಟರಿ ಇದ್ದ ಶೆಡ್ಡು. ಗೋಡೆ ಇನ್ನೂ ತೇವ ತೇವ. ಬಾಗಿಲಲ್ಲಿ ನಿಂತರೆ ಟೈ ಕೂರುವ ಕೋಣೆ ನೇರ ಕಾಣುತ್ತದೆ.

"ಊರಲ್ಲಿ ಬೇರೆ ಎಲ್ಲೂ ಜಾಗ ಇರಲಿಲ್ವಾ?" ಅಂದಳು ಹೆಂಡತಿ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ದಿನವಿಡೀ ಬೇರೆಯವರ ಕಣ್ಣು ಪರೀಕ್ಷೆ ಮಾಡಿ ಮಾಡಿ ಮನೆಯಲ್ಲೂ ಹಾಗೇ ನೋಡುತ್ತಾಳೆ.

"ಇತ್ತು" ಅಂದೆ.

"ಅಲ್ಲಿ ತಗೊಳ್ಳಬಹುದಿತ್ತು."

"ಅಲ್ಲಿಂದ ಅವನ ಮುಖ ಕಾಣಲ್ಲ."

ಅವಳ ತಮ್ಮ, ನನ್ನ ಭಾಮೈದ, ನನ್ನ ಜೊತೆ ಸೇರುತ್ತಾನೆ. ಡೆಂಟಿಂಗ್, ಪೇಂಟಿಂಗ್ ಎರಡರಲ್ಲೂ ಅವನ ಕೈ ಒಳ್ಳೆಯದು. ಜಜ್ಜಿದ ತಗಡಿನ ಮೇಲೆ ಅಂಗೈ ಆಡಿಸಿ, ಕಣ್ಣು ಮುಚ್ಚಿಕೊಂಡೇ ಎಲ್ಲಿ ತಗ್ಗು ಎಲ್ಲಿ ಉಬ್ಬು ಅಂತ ಹೇಳುತ್ತಾನೆ. ಇದ್ದ ಕೆಲಸ ಬಿಟ್ಟು ಬರುತ್ತಿದ್ದಾನೆ. "ಭಾವ ಕರೆದ ಮೇಲೆ ಇನ್ನೇನು" ಅಂದ.

ಮಾರ್ಚ್ 8, ಶುಕ್ರವಾರ

ಶೆಡ್ಡು ತೆರೆದು ಐದು ದಿನ. ಒಂದು ಪಂಕ್ಚರ್, ಒಂದು ಹಾರ್ನು, ಅಷ್ಟೇ. ಭಾಮೈದ ಗೋಡೆಗೆ ಬಣ್ಣ ಬಳಿದ. ಎರಡನೇ ಸಲ ಬಳಿದ. "ಇನ್ನೊಂದು ವಾರ ಹೀಗೇ ಹೋದರೆ ನಿಮಗೂ ಬಳೀತೀನಿ ಭಾವ" ಅಂದ.

ಮಧ್ಯಾಹ್ನ ಟೈ ಗಾಜಿನ ಹತ್ತಿರ ಬಂದು ನಮ್ಮ ಬೋರ್ಡು ಓದಿದ. ಓದಿ ನಕ್ಕ. ನಕ್ಕಿದ್ದು ನಾನು ನೋಡಿದೆ. ನಗಲಿ.

ಮಾರ್ಚ್ 14, ಗುರುವಾರ

ಇವತ್ತು ಲೈಬ್ರರಿ ಮೇಡಂ ಬಂದರು.

ಅವರ ಹಸಿರು ಕಾರು ಹೊಸದಾಗಿದ್ದಾಗಿನಿಂದ ನನ್ನ ಕೈಯಲ್ಲೇ ಸರ್ವಿಸ್ ಆಗಿದ್ದು. ಈಗ ಹದಿನಾರು ವರ್ಷ. ಅವರು ಕುಳ್ಳಗೆ, ಸ್ಟೇರಿಂಗ್ ಮೇಲಿಂದ ರಸ್ತೆ ಕಾಣಲಿ ಅಂತ ಒಂದು ದಿಂಬು ಹಾಕಿಕೊಂಡು ಕೂರುತ್ತಾರೆ. ಪಕ್ಕದ ಊರಿನ ಗುಡ್ಡದ ಮೇಲೆ ಒಂದು ಆರೈಕೆ ಮನೆಯಿದೆ, ಅಲ್ಲಿ ಅವರ ತಂಗಿ ಹಾಸಿಗೆ ಹಿಡಿದಿದ್ದಾರೆ. ಪ್ರತಿ ಶನಿವಾರ ಮೇಡಂ ಅಲ್ಲಿಗೆ ಹೋಗಿ ಅವರಿಗೆ ಪುಸ್ತಕ ಓದಿ ಬರುತ್ತಾರೆ.

ಕಾರು ತಿರುಗಿಸುವಾಗ ಕಟಕಟ ಸದ್ದು. ಷೋರೂಮಿನಲ್ಲಿ ಸ್ಟೇರಿಂಗಿನ ಇಡೀ ಜೋಡಣೆ ಬದಲಾಯಿಸಬೇಕು, ಅದಕ್ಕಿಂತ ಇದನ್ನು ಕೊಟ್ಟು ಹೊಸದು ತಗೊಳ್ಳಿ ಅಂದರಂತೆ.

"ನನಗೆ ಏನು ಮಾಡಬೇಕೋ ಗೊತ್ತಾಗ್ತಿಲ್ಲ. ಅಲ್ಲಿ ಬಿಟ್ಟರೆ ಕಂಪನಿ ಸಾಮಾನು, ಗ್ಯಾರಂಟಿ, ಕೂರೋಕೆ ಸೋಫಾ. ಇಲ್ಲಿ..." ಅಂತ ಸುತ್ತ ನೋಡಿದರು. ಎರಡು ಸಲ ಬಳಿದ ಗೋಡೆ ಆಗಲೇ ಮತ್ತೆ ತೇವ ಕಾರುತ್ತಿತ್ತು. "ಇಲ್ಲಿ ನೀವಿದ್ದೀರಿ."

"ಅಷ್ಟು ಸಾಕಲ್ವಾ ಮೇಡಂ?"

"ಸಾಕಾಗುತ್ತೋ ಇಲ್ವೋ, ನೋಡೋಣ."

ಜಾಕ್ ಏರಿಸಿ ನೋಡಿದೆ. ಎರಡು ರಬ್ಬರ್ ಬುಷ್ ಹರಿದಿದ್ದವು. ಅಷ್ಟೇ. ಮೇಡಂಗೆ ಕೈಯಲ್ಲಿ ಹಿಡಿದು ತೋರಿಸಿದೆ. ಸಂಜೆ ಸದ್ದಿಲ್ಲದ ಕಾರು ಓಡಿಸಿಕೊಂಡು ಹೋಗುವಾಗ ಅವರು ಷೋರೂಮಿನ ಮುಂದೆ ಬೇಕಂತಲೇ ನಿಧಾನ ಮಾಡಿದರು. ಕಿಟಕಿ ಇಳಿಸಿ ಸ್ಟೇರಿಂಗನ್ನು ಆ ಕಡೆ ಈ ಕಡೆ ತಿರುಗಿಸಿದರು. ಟೈ ಗಾಜಿನ ಹಿಂದೆ ನಿಂತಿದ್ದ. ನಗಲಿಲ್ಲ.

ಅವನ ಆ ಮುಖವೇ ನನಗೆ ಊಟ, ಇಂಥ ಊಟ ಮಾಡಿ ಎಷ್ಟು ದಿನವಾಗಿತ್ತು. ಹೊಟ್ಟೆ ತುಂಬಿತು.

ಏಪ್ರಿಲ್ 3, ಬುಧವಾರ

ಮೇಡಂ ಲೈಬ್ರರಿಗೆ ಬಂದವರಿಗೆಲ್ಲ ಪುಸ್ತಕದ ಜೊತೆ ನನ್ನ ವಿಳಾಸವನ್ನೂ ಕೊಡುತ್ತಿದ್ದಾರೆ. ದಂತವೈದ್ಯರು ಬಂದರು, ಬೇಕರಿಯವರು ಬಂದರು, ಒಬ್ಬ ವಕೀಲರು ಬಂದು ಬೋನೆಟ್ ತೆರೆಯುವುದು ಹೇಗೆಂದು ಕೇಳಿದರು. ಇವತ್ತು ರಸ್ತೆ ತನಕ ಸಾಲು ನಿಂತಿತ್ತು. ಇವರೆಲ್ಲ ಎದುರಿಗೆ ಹೋಗುತ್ತಿದ್ದವರು. ಒಂದೊಂದು ಗಾಡಿ ಒಳಗೆ ತಿರುಗುವಾಗಲೂ ನಾನು ಮೊದಲು ನೋಡುವುದು ಆ ಗಾಜನ್ನು.

ಏಪ್ರಿಲ್ 24, ಬುಧವಾರ

ಜನಕ್ಕೆ ಷೋರೂಮಿನ ಮೇಲೆ ಅನುಮಾನ ಹುಟ್ಟಿದರೆ ಸಾಕು, ಮಿಕ್ಕಿದ್ದು ತಾನಾಗೇ ಆಗುತ್ತದೆ. ಹಾಗಾಗಿ ಯಾವ ಗಾಡಿ ಬಂದರೂ ಬೋನೆಟ್ ಎತ್ತಿ ಒಂದು ನಿಟ್ಟುಸಿರು ಬಿಟ್ಟು, "ಎದುರಿನವರು ಕೈ ಹಾಕಿದ್ದಾ?" ಅಂತ ಕೇಳುತ್ತೇನೆ. ಹೌದು ಅಂದರೆ ತಲೆ ಅಲ್ಲಾಡಿಸುತ್ತೇನೆ. ಬೇರೆ ಏನೂ ಹೇಳಬೇಕಾಗಿಲ್ಲ.

ಇವತ್ತು ಬೇಕರಿಯವರ ಗಾಡಿಗೆ ಬ್ರೇಕ್ ಪ್ಯಾಡ್ ಹಾಕಿದೆ. ಎದುರಿನವರು ಹಾಕಿದ್ದು ಕಳಪೆ ಮಾಲು ಅಂದೆ. ಅವರು ಹೋದ ಮೇಲೆ ಭಾಮೈದ ತೆಗೆದ ಪ್ಯಾಡನ್ನು ಕೈಯಲ್ಲಿ ತಿರುಗಿಸಿ ನೋಡಿದ.

"ಭಾವ, ಇದು ಕಂಪನಿದೇ. ಇನ್ನೂ ಒಂದು ವರ್ಷ ಆರಾಮಾಗಿ ಬರ್ತಿತ್ತು."

"ನಿನ್ನ ಕೆಲಸ ತಗಡು. ತಗಡು ನೋಡ್ಕೋ."

ಅವನು ಪ್ಯಾಡನ್ನು ಕಪಾಟಿನಲ್ಲಿಟ್ಟ. ಎಸೆಯಬಹುದಿತ್ತಲ್ಲ, ಯಾಕೆ ಇಟ್ಟನೋ. ಅವನಿಗೆ ನನ್ನ ಲೆಕ್ಕ ಅರ್ಥವಾಗುವುದಿಲ್ಲ. ಒಂದು ಪ್ಯಾಡಿನ ಮಾತಲ್ಲ ಇದು. ಬೇಕರಿಯವರು ಇನ್ನು ಆ ಕಡೆ ತಲೆ ಹಾಕಿ ಮಲಗುವುದಿಲ್ಲ.

ಮೇ 2, ಗುರುವಾರ

ಷೋರೂಮಿನ ಓನರ್ ಬಂದು ಟೈಗೆ ಎಲ್ಲರೆದುರು ಬೈದನಂತೆ. ಅಲ್ಲಿನ ಕಾವಲುಗಾರ ಟೀ ಕುಡಿಯಲು ಬಂದಾಗ ಹೇಳಿದ. ಏನು ಬೈದ, ಎಷ್ಟು ಹೊತ್ತು ಬೈದ, ಟೈ ತಲೆ ತಗ್ಗಿಸಿದನೋ ಇಲ್ಲವೋ, ಎಲ್ಲ ಬಿಡಿಸಿ ಬಿಡಿಸಿ ಕೇಳಿದೆ. ಅವನಿಗೆ ಎರಡನೇ ಟೀ ಕೊಡಿಸಿ ಮೊದಲಿನಿಂದ ಹೇಳಿಸಿದೆ.

ಮೇ 16, ಗುರುವಾರ

ಲೈಬ್ರರಿ ಮೇಡಂ ಬಂದಿದ್ದರು. ಮುಖ ಸಪ್ಪಗಿತ್ತು. ಅವರ ಮೊಬೈಲಿಗೆ ಷೋರೂಮಿನಿಂದ ಉಚಿತ ತಪಾಸಣೆಯ ಸಂದೇಶ ಬಂದಿತ್ತಂತೆ, ಹೋಗಿ ತೋರಿಸಿದ್ದಾರೆ. ಬ್ರೇಕಿನ ಮಾಸ್ಟರ್ ಸಿಲಿಂಡರ್ ಹೋಗಿದೆ, ತಕ್ಷಣ ಬದಲಾಯಿಸಿ, ಗುಡ್ಡದ ರಸ್ತೆಗೆ ಒಯ್ಯಲೇಬೇಡಿ ಅಂದರಂತೆ. ಟೈಯೇ ಖುದ್ದಾಗಿ ಬಂದು ಹೇಳಿದನಂತೆ.

ಅವನ ಹೆಸರು ಕೇಳಿದ್ದೇ ನನಗೆ ಮೈ ಉರಿಯಿತು. ನನ್ನ ಗಿರಾಕಿ, ನನ್ನ ಕೈಯಲ್ಲಿ ಓಡುತ್ತಿರುವ ಕಾರು.

"ಮತ್ತೆ ಅಲ್ಲಿಗೆ ಯಾಕೆ ಹೋದ್ರಿ ಮೇಡಂ?"

"ಉಚಿತ ಅಂದ್ರು. ಹೋದೆ. ಎರಡು ಕಡೆ ಕೇಳಿದರೆ ತಪ್ಪಾ?"

"ತಪ್ಪೇನಿಲ್ಲ. ಕಣ್ಣಿಗೆ ಮಣ್ಣೆರಚೋರ ಹತ್ತಿರ ಹೋದ್ರಲ್ಲ, ಅದಕ್ಕೆ ಬೇಜಾರು."

ಪೆಡಲ್ ಒತ್ತಿ ನೋಡಿದೆ. ಮೊದಲ ಸಲ ಕಾಲ ಕೆಳಗೆ ಸ್ವಲ್ಪ ಇಳಿದ ಹಾಗಾಯಿತು. ಎರಡನೇ ಸಲ ಗಟ್ಟಿಯಾಗಿ ನಿಂತಿತು. ನಿಂತಿತು ಅನ್ನುವುದು ಮುಖ್ಯ. ಬ್ರೇಕ್ ಆಯಿಲ್ ಹಳೇದಾಗಿ ಒಳಗೆ ಗಾಳಿ ಸೇರಿದೆ, ಬದಲಾಯಿಸಿ ಗಾಳಿ ತೆಗೆದರೆ ಸಾಕು, ಸಿಲಿಂಡರ್ ಚೆನ್ನಾಗಿದೆ ಅಂದೆ. ಮೇಡಂ ಮುಖ ಅರಳಿತು. ಕೆಲಸ ಮುಗಿಸಿ ಓಡಿಸಿ ನೋಡು ಅಂತ ಭಾಮೈದನನ್ನು ಕಳಿಸಿದೆ. ಅವನು ಒಂದು ಸುತ್ತು ಹೊಡೆದು ಬಂದು, ನನ್ನನ್ನು ಪಕ್ಕಕ್ಕೆ ಕರೆದ.

"ಭಾವ, ಕಾಲು ಒತ್ತಿ ಹಿಡಿದುಕೊಂಡರೆ ಪೆಡಲ್ ಮೆಲ್ಲಗೆ ಇಳೀತಿದೆ. ಸಿಲಿಂಡರೇ ಇರಬೇಕು."

"ನೀನೂ ಟೈ ಭಾಷೆ ಶುರು ಮಾಡಿದ್ಯಾ?"

"ಅವನು ಹೇಳಿದ ಅಂತ ಸುಳ್ಳಾಗುತ್ತಾ?"

ಮೇಡಂ ಹತ್ತಿರವೇ ನಿಂತಿದ್ದರು. ಹಿಂದೆ ಮೂರು ಗಾಡಿ ಕಾಯುತ್ತಿದ್ದವು. ಎದುರಿಗೆ ಆ ನನ್ನ ಮಗ ಗಾಜಿಗೆ ಮುಖ ಹಚ್ಚಿ ನಾನು ಏನು ಮಾಡುತ್ತೇನೆ ಅಂತ ನೋಡುತ್ತಿದ್ದ. ಅವನು ಹೇಳಿದ್ದನ್ನೇ ನಾನೂ ಹೇಳುವುದಾ? ಬೀಗದ ಕೈ ಮೇಡಂ ಕೈಗೆ ಕೊಟ್ಟೆ.

ಅವರು ಹೋಗುವಾಗ ಮತ್ತೆ ಷೋರೂಮಿನ ಮುಂದೆ ನಿಧಾನ ಮಾಡುತ್ತಾರೇನೋ ಅಂದುಕೊಂಡಿದ್ದೆ. ನೇರ ಹೋದರು.

ಮೇ 18, ಶನಿವಾರ

ಮೇಡಂ ಕಾರು ಗುಡ್ಡದ ಇಳಿಜಾರಿನಲ್ಲಿ ತಡೆಗಂಬಿಗೆ ಗುದ್ದಿದೆ. ತಂಗಿಯನ್ನು ನೋಡಿ ವಾಪಸ್ ಬರುವಾಗ. ಜೀವಕ್ಕೇನೂ ಇಲ್ಲ. ಬಲಗೈ ಮುರಿದಿದೆ.

ಮೇ 19, ಭಾನುವಾರ

ಆಸ್ಪತ್ರೆಗೆ ಹೋಗಿದ್ದೆ. ಭಾಮೈದ ನಿನ್ನೆಯೇ ಹೋಗಿ ರಾತ್ರಿಯೆಲ್ಲ ಕೂತಿದ್ದನಂತೆ. ಅವನಿಗೇನು, ಅಷ್ಟೆಲ್ಲ ಜವಾಬ್ದಾರಿ ಇಲ್ಲ.

ಮೇಡಂ ಗೋಡೆಗೆ ಒರಗಿ ಕೂತಿದ್ದರು. ಕೆನ್ನೆ ಊದಿತ್ತು. ಹಣ್ಣು ಇಟ್ಟು, "ಇಳಿಜಾರಿನಲ್ಲಿ ಸ್ಪೀಡ್ ಜಾಸ್ತಿ ಇತ್ತೇನೋ ಮೇಡಂ" ಅಂದೆ.

"ಪೆಡಲ್ ನೆಲಕ್ಕೆ ಹೋಯ್ತು" ಅಂದರು. ಆಮೇಲೆ ನಿಧಾನವಾಗಿ, "ಒಂದು ಕೇಳ್ತೀನಿ. ಅವರು ಬದಲಾಯಿಸಬೇಕು ಅಂದ್ರು, ನೀವು ಬೇಡ ಅಂದ್ರಿ. ನಿಮಗೆ ಗೊತ್ತಾಗಲಿಲ್ವೋ, ಗೊತ್ತಿದ್ದೂ ಬೇಡ ಅಂದ್ರೋ?"

"ಅವತ್ತು ಓಡಿಸಿ ನೋಡಿದವನು ನನ್ನ ಭಾಮೈದ, ಮೇಡಂ."

"ನಾನು ಕೇಳಿದ್ದು ಅದಲ್ಲ."

ಬೇರೆ ಏನು ಹೇಳಲಿ? ಓಡಿಸಿದವನು ಅವನೇ, ಇದರಲ್ಲಿ ಸುಳ್ಳೇನಿದೆ? ಅವರು ಕಿಟಕಿ ಕಡೆ ಮುಖ ತಿರುಗಿಸಿಕೊಂಡರು. "ಈ ಶನಿವಾರ ತಂಗಿಗೆ ಯಾರು ಓದ್ತಾರೋ" ಅಂದರು. ಅದು ನನಗೆ ಹೇಳಿದ್ದಲ್ಲ. ನೋವಿನಲ್ಲಿ ಇರುವವರು ಏನೇನೋ ಮಾತಾಡುತ್ತಾರೆ.

ಮೇ 21, ಮಂಗಳವಾರ

ಸುದ್ದಿ ಹರಡಿದೆ. ಬೆಳಿಗ್ಗೆ ದಂತವೈದ್ಯರು, ವಕೀಲರು, ಇನ್ನಿಬ್ಬರು ಶೆಡ್ಡಿನಲ್ಲಿದ್ದರು. "ಲೈಬ್ರರಿ ಮೇಡಂ ಬ್ರೇಕ್ ಇಲ್ಲೇ ಮಾಡಿದ್ದಂತೆ ಹೌದಾ?" ಅಂದರು ದಂತವೈದ್ಯರು. ಎದುರಿಗೆ ಟೈ ಇವತ್ತು ಹೊರಗೇ ಬಂದು ನಿಂತಿದ್ದ, ಕೈ ಕಟ್ಟಿಕೊಂಡು. ನನ್ನ ಇಷ್ಟು ದಿನದ ಶ್ರಮ ಒಂದು ಗಳಿಗೆಯಲ್ಲಿ ನೀರು ಪಾಲಾಗುವುದು ಕಣ್ಣಿಗೆ ಕಟ್ಟಿತು.

"ಕೆಲಸ ನಾನು ಸರಿಯಾಗೇ ಮಾಡಿದ್ದೆ ಡಾಕ್ಟ್ರೇ. ಕೊನೆಯಲ್ಲಿ ಓಡಿಸಿ ನೋಡಿದವನು ಇವನು" ಅಂತ ಭಾಮೈದನನ್ನು ತೋರಿಸಿದೆ. "ಇವನು ಸರಿಯಾಗಿ ನೋಡಲಿಲ್ಲ."

ಎಲ್ಲರೂ ಅವನ ಕಡೆ ತಿರುಗಿದರು. ಅವನು ಒಂದು ಬಾಗಿಲಿನ ತಗಡಿಗೆ ಮರಳು ಕಾಗದ ಉಜ್ಜುತ್ತಿದ್ದ. ಕೈ ನಿಂತಿತು. ವಾದ ಮಾಡುತ್ತಾನೆ ಅಂದುಕೊಂಡೆ. ಮಾಡಲಿಲ್ಲ. ಕಾಗದವನ್ನು ಮಡಚಿ ಇಟ್ಟು, ಕೈ ಒರೆಸಿಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ, "ಭಾವ, ಅವತ್ತು ನೀವು ಬನಿಯನ್ನಲ್ಲಿ ಮನೆಗೆ ಬಂದಾಗ ಬಾಗಿಲು ತೆಗೆದವನು ನಾನು" ಅಂದ. ತನ್ನ ಸುತ್ತಿಗೆಗಳನ್ನು ಚೀಲಕ್ಕೆ ಹಾಕಿಕೊಂಡು ಹೋದ.

ಆ ಮಾತನ್ನು ಈಗ ಯಾಕೆ ತೆಗೆದನೋ. ಅದಕ್ಕೂ ಇದಕ್ಕೂ ಏನು ಸಂಬಂಧ?

ದಂತವೈದ್ಯರು ರಿಪೇರಿಗೆ ಗಾಡಿ ಇಲ್ಲೇ ಬಿಟ್ಟು ಹೋದರು. ಅಷ್ಟು ಸಾಕು.

ಮೇ 22, ಬುಧವಾರ

ಹೆಂಡತಿ ಊಟ ಬಡಿಸುತ್ತಾಳೆ. ಮಾತಿಲ್ಲ. "ನೀರು" ಅಂದರೆ ನೀರು ಬರುತ್ತದೆ.

ಜೂನ್ 12, ಬುಧವಾರ

ಟೈ ಹೋದ.

ಗಿರಾಕಿಗಳು ಕಡಿಮೆಯಾದರು ಅಂತ ಓನರ್ ಅವನನ್ನು ತೆಗೆಯುತ್ತಾನೆಂದು ಕಾವಲುಗಾರ ಬೆಳಿಗ್ಗೆಯೇ ಸುಳಿವು ಕೊಟ್ಟಿದ್ದ. ನಾನು ಕೆಲಸ ಬಿಟ್ಟು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಮಧ್ಯಾಹ್ನ ಹೊರಗೆ ಬಂದ. ಕಂಪನಿ ಕೊಟ್ಟ ಕಾರು ಅಲ್ಲೇ ನಿಂತಿತ್ತು, ಅವನು ಬಸ್ ಸ್ಟಾಪಿಗೆ ನಡೆದು ಹೋದ. ಬಸ್ ಬರುವ ತನಕ ನೋಡಿದೆ. ಹತ್ತುವಾಗ ಬಾಗಿಲಿಗೆ ತಲೆ ತಗುಲಿಸಿಕೊಂಡ. ಅದನ್ನೂ ನೋಡಿದೆ.

ಇದಕ್ಕೇ ಕಾದಿದ್ದೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಹೌದಾ" ಅಂತ ಬಟ್ಟೆ ಮಡಚತೊಡಗಿದಳು. ಭಾಮೈದ ಇದ್ದಿದ್ದರೆ ಏನಾದರೂ ತಮಾಷೆ ಮಾಡುತ್ತಿದ್ದ. ಅವನಾಗೇ ಹೋದದ್ದು, ನಾನೇನು ಹೋಗು ಅಂದಿರಲಿಲ್ಲ.

ಹೊಟ್ಟೆ ತಣ್ಣಗಾಯಿತು ಅಂತ ಬರೆಯೋಣವೆಂದು ಕೂತೆ. ಬೇಗ ಬಸ್ ಬಂದುಬಿಟ್ಟಿತು, ಅದಕ್ಕೋ ಏನೋ. ಇನ್ನೂ ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಲ್ಲಬೇಕಿತ್ತು.

ಜೂನ್ 28, ಶುಕ್ರವಾರ

ಇವತ್ತು ನಿಂತ.

ಬೆಳಿಗ್ಗೆ ಶೆಡ್ಡಿಗೆ ಬಂದ. ಕೊರಳಲ್ಲಿ ಟೈ ಇರಲಿಲ್ಲ, ಮೊದಲು ಗುರುತೇ ಸಿಗಲಿಲ್ಲ. ಎಲ್ಲೂ ಕೆಲಸ ಸಿಕ್ಕಿಲ್ಲವಂತೆ. ಸಾಲಿನಲ್ಲಿದ್ದ ಗಾಡಿಗಳೆಲ್ಲ ಮುಗಿಯುವ ತನಕ ಹೊರಗೆ ನಿಲ್ಲಿಸಿದೆ. ನಡುವೆ ಒಂದು ಸಲ ನೀರು ಕೇಳಿದ, ನಲ್ಲಿ ತೋರಿಸಿದೆ.

ಕೊನೆಗೆ ಒಳಗೆ ಕರೆದು, "ಅವತ್ತು ಆ ಕಪ್ಪು ಕಾರಿಗೆ ಯಾಕೆ ಫೋನ್ ಮಾಡಲಿಲ್ಲ?" ಅಂದೆ.

"ಮಾಡಿದ್ರೆ ತಪ್ಪು ನಂದು ಅಂತ ಒಪ್ಪಿಕೊಂಡ ಹಾಗಾಗ್ತಿತ್ತು. ಏನೂ ಆಗಲ್ಲ ಅಂದುಕೊಂಡೆ. ಆಯ್ತು. ಆಮೇಲೆ ಯಾರಾದರೂ ಒಬ್ಬರ ತಲೆಗೆ ಕಟ್ಟಬೇಕಿತ್ತು, ನೀವು ಹತ್ತಿರದಲ್ಲಿದ್ರಿ."

ಮುಚ್ಚುಮರೆಯಿಲ್ಲದೆ ಹೇಳಿದ. ಉಗಿದು ಕಳಿಸಬೇಕೆಂದು ಎಷ್ಟು ತಿಂಗಳಿನಿಂದ ಮಾತು ಜೋಡಿಸಿಟ್ಟಿದ್ದೆ. ಆ ಹೊತ್ತಿಗೆ ಸರಿಯಾಗಿ ಒಬ್ಬ ಗಿರಾಕಿ ಬಂದು ಬಿಲ್ಲಿನ ಬಗ್ಗೆ ಜಗಳ ತೆಗೆದ. ನಾನು ಬಾಯಿ ತೆರೆಯುವ ಮೊದಲೇ ಇವನು ಎದ್ದು ಹೋಗಿ, "ಸರ್, ಕೂತ್ಕೊಳ್ಳಿ ಸರ್, ನಿಮ್ಮ ಮನೆಯವರ ಸುರಕ್ಷತೆ ಮುಖ್ಯ ಅಲ್ವಾ ಸರ್" ಅಂತ ಶುರು ಮಾಡಿದ. ಗಿರಾಕಿ ತಣ್ಣಗಾಗಿ, ಕೊನೆಗೆ ವೈಪರ್ ಕೂಡ ಹಾಕಿಸಿಕೊಂಡು ಹೋದ.

ಸೋಮವಾರದಿಂದ ಬಾ ಅಂದೆ. ನನ್ನನ್ನು ಸರ್ ಅನ್ನಬೇಕು ಅಂತಲೂ ಹೇಳಿದೆ. "ಸರಿ ಸರ್" ಅಂದ.

ಇದಕ್ಕಿಂತ ದೊಡ್ಡ ಸೇಡು ಇನ್ನೇನಿದೆ?

ಜುಲೈ 10, ಬುಧವಾರ

ಟೈಗೆ ಮಾತಿನ ವಿದ್ಯೆ ಚೆನ್ನಾಗಿ ಗೊತ್ತು. ಬಾಗಿಲ ಹತ್ತಿರ ಅವನಿಗೊಂದು ಗಾಜಿನ ಕೋಣೆ ಮಾಡಿಸುತ್ತಿದ್ದೇನೆ. ಸೋಫಾ ಬಂದಿದೆ. ಪ್ಯಾಡ್ ಅರ್ಧ ಸವೆದಿದ್ದರೂ ಬದಲಾಯಿಸುವುದೇ ಒಳ್ಳೆಯದು ಅನ್ನುತ್ತಾನೆ. ಇಷ್ಟು ದಿನ ನನಗೂ ಅನ್ನಿಸಿದ್ದು ಅದೇ.

ಬೇಕರಿಯವರು ಈಚೆಗೆ ಕಾಣುವುದಿಲ್ಲ.

ಜುಲೈ 18, ಗುರುವಾರ

ಬೆಳಿಗ್ಗೆ ಹೆಂಡತಿ ಎರಡು ಊಟದ ಡಬ್ಬಿ ಕಟ್ಟುತ್ತಿದ್ದಳು. ಒಂದು ಅವಳದು. "ಇನ್ನೊಂದು ಯಾರಿಗೆ?" ಅಂದೆ.

"ನನ್ನ ತಮ್ಮನಿಗೆ. ಅವನಿಗೆ ಕೆಲಸ ಸಿಕ್ತು."

"ಎಲ್ಲಿ?"

"ನೀವು ದಿನಾ ನೋಡೋ ಜಾಗದಲ್ಲೇ."

ಬೆಳಿಗ್ಗೆಯಿಂದ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದೆ. ನನ್ನ ಹೆಂಡತಿಯ ತಮ್ಮ, ನನ್ನ ಅಂಗಿ ಬಿಚ್ಚಿಸಿದವರ ಷೋರೂಮಿನಲ್ಲಿ. ಹನ್ನೊಂದರ ಹೊತ್ತಿಗೆ ಅವರ ದೊಡ್ಡ ಬಾಗಿಲು ತೆರೆದಿತ್ತು. ಒಳಗೆ ಹಸಿರು ಕಾರು. ಮುಂದಿನ ಬಾಗಿಲ ಪಕ್ಕದ ತಗಡು ಹೊಸದಾಗಿ ಬಡಿದು ಸಾಪಾಗಿತ್ತು. ಭಾಮೈದ ಅದರ ಮೇಲೆ ಅಂಗೈ ಆಡಿಸುತ್ತಿದ್ದ. ಲೈಬ್ರರಿ ಮೇಡಂ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದರು, ಎಡಗೈಯಲ್ಲಿ ಪುಸ್ತಕ. ಅವನು ಏನೋ ಅಂದ. ಅವರು ನಕ್ಕರು. ಆಮೇಲೆ ಅವರೂ ಕೈ ಚಾಚಿ ಅದೇ ಜಾಗ ಮುಟ್ಟಿ ನೋಡಿದರು.

ಟೈ ನನ್ನ ಪಕ್ಕ ಬಂದು ನಿಂತ.

"ನಿಮ್ಮ ಭಾಮೈದ ಅಲ್ವಾ ಸರ್?"

"ಹೂಂ."

"ಬಿಡಬಾರದು ಸರ್. ನಿಮ್ಮ ಹೆಸರು ಕೆಡಿಸಿ ಹೋದವನು. ಓನರ್ ನಂಬರ್ ನನ್ನ ಹತ್ತಿರ ಇದೆ. ಆ ಬ್ರೇಕಿನ ವಿಷಯ ಒಂದು ಮಾತು ಹಾಕಿದ್ರೆ ಸಾಕು, ಸಂಜೆ ಒಳಗೆ ಆಚೆ ಇರ್ತಾನೆ."

"ಮೇಡಂ ಅಲ್ಲೇ ಕೂತಿದಾರೆ."

"ಅವರು ಹೋಗಲಿ, ಆಮೇಲೆ ಮಾಡಿ."

ಆಮೇಲೆ ಅಂದರೆ ನನ್ನ ಸಿಟ್ಟು ಕಾಯುವ ಹಾಗಿರಲಿಲ್ಲ. ಈಗಲೇ ಹಚ್ಚು ಅಂದೆ. ಅವನು ನಂಬರ್ ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟ. ರಸ್ತೆಯಾಚೆ, ಗಾಜಿನ ಹಿಂದೆ, ಓನರ್ ಜೇಬು ತಡಕುವುದು ಕಾಣಿಸಿತು. ಅವನ ಬೆನ್ನ ಹಿಂದೆ ಭಾಮೈದ ಬಣ್ಣದ ಡಬ್ಬಿ ತೆರೆದು, ಇದೇ ಹಸಿರು ತಾನೇ ಅನ್ನುವ ಹಾಗೆ ಮೇಡಂಗೆ ತೋರಿಸುತ್ತಿದ್ದ. ಅವರು ಕಾರನ್ನೂ ಡಬ್ಬಿಯನ್ನೂ ಬಾರಿ ಬಾರಿ ನೋಡಿ ತಲೆಯಾಡಿಸಿದರು.

ಓನರ್ ಫೋನ್ ಕಿವಿಗಿಟ್ಟ.

"ನಮಸ್ಕಾರ" ಅಂದೆ. "ನಾನು ಎದುರು ಶೆಡ್ಡಿನವನು. ನಿಮ್ಮ ಒಳ್ಳೆಯದಕ್ಕೆ ಒಂದು ಮಾತು ಹೇಳಬೇಕಿತ್ತು."